ಹಿಂದಕ್ಕೆ ನಡೆದವನ ಸಾಕ್ಷಿ

ಮದುವೆ ಬ್ಯಾಂಡಿಗೆ ಹೊಸದಾಗಿ ಸೇರುವ ಹುಡುಗರು ನನ್ನ ಹತ್ತಿರ ಬಂದು ಮೊದಲು ಕೇಳುವುದು ಉಸಿರಿನ ಬಗ್ಗೆ. "ಮಾಸ್ಟರ್, ಅಷ್ಟೊತ್ತು ಉಸಿರು ಹೆಂಗ ಹಿಡೀತಿದ್ರಿ?" ಅಂತ. ಉಸಿರು ತಾನಾಗಿ ಬರುತ್ತದೆ, ಅದರ ಚಿಂತೆ ಬಿಡಿ. ನೀವು ಚಿಂತೆ ಮಾಡಬೇಕಾದದ್ದು ಚರಂಡಿಯ ಬಗ್ಗೆ. ಯಾವ ಗಲ್ಲಿಯಲ್ಲಿ ಮ್ಯಾನ್‌ಹೋಲಿಗೆ ಮುಚ್ಚಳ ಇಲ್ಲ, ಎಲ್ಲಿ ಡಿವೈಡರಿನ ಕಲ್ಲು ಎದ್ದಿದೆ, ಯಾವ ತಿರುವಿನಲ್ಲಿ ಎಮ್ಮೆಗಳು ಸಂಜೆ ಹೊತ್ತು ಮಲಗಿರುತ್ತವೆ, ಇದೆಲ್ಲ ಬೆನ್ನಿಗೆ ಗೊತ್ತಿರಬೇಕು. ಯಾಕೆಂದರೆ ಬ್ಯಾಂಡ್ ಮಾಸ್ಟರ್ ಆದವನು ಹಿಂದಕ್ಕೆ ನಡೆಯುತ್ತಾನೆ.

ಇದನ್ನು ಬಹಳ ಜನ ಗಮನಿಸಿರುವುದಿಲ್ಲ. ಬರಾತ್, ಅಂದರೆ ಮದುಮಗನ ಮೆರವಣಿಗೆ, ಬಂತೆಂದರೆ ಎಲ್ಲರೂ ಮದುಮಗನನ್ನು ನೋಡುತ್ತಾರೆ, ಕುದುರೆಯನ್ನು ನೋಡುತ್ತಾರೆ, ಸೋದರಮಾವಂದಿರ ಕುಣಿತ ನೋಡಿ ನಗುತ್ತಾರೆ. ಎಲ್ಲರಿಗಿಂತ ಮುಂದೆ, ಕೆಂಪು ಕೋಟು ತೊಟ್ಟು, ಭುಜದ ಮೇಲೆ ಜರಿ ಕುಚ್ಚು ಇಳಿಬಿಟ್ಟು, ಟ್ರಂಪೆಟ್ ಊದುತ್ತಾ ಒಬ್ಬ ಮನುಷ್ಯ ಹೋಗಬೇಕಾದ ದಿಕ್ಕಿಗೆ ಬೆನ್ನು ಕೊಟ್ಟು ನಡೆಯುತ್ತಿರುತ್ತಾನೆ. ಅವನ ಮುಖ ಬ್ಯಾಂಡಿನ ಕಡೆ, ಕುಣಿಯುವವರ ಕಡೆ, ಕುದುರೆ ಮೇಲಿನ ಮದುಮಗನ ಕಡೆ. ಯಾರು ದಣಿದರು, ಯಾರು ರೇಗಿದರು, ಎಲ್ಲಿ ನಿಲ್ಲಿಸಬೇಕು, ಎಲ್ಲಿ ಏರಿಸಬೇಕು ಅನ್ನುವುದು ಅವನಿಗೆ ಕಾಣಬೇಕಲ್ಲ. ಮೂವತ್ತು ವರ್ಷ ನಾನು ಹೋಗುವ ದಾರಿಯನ್ನು ನೋಡಿದವನೇ ಅಲ್ಲ. ಬಿಟ್ಟು ಬಂದ ದಾರಿಯನ್ನಷ್ಟೇ ನೋಡಿದವನು.

ನನ್ನ ಹೆಸರು ವಿಠ್ಠಲ. ಹುಮನಾಬಾದ್ ಕಡೆಯವನು. ಕಾಚಿಗೂಡದಲ್ಲಿ ರೈಲಿಳಿದು, ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲೇ ಕೆಲಸ ಸಿಕ್ಕಿ, ಅಲ್ಲೇ ಮನೆ ಮಾಡಿ ಉಳಿದುಬಿಟ್ಟೆ. ಐವತ್ತು ದಾಟಿದ ಸ್ವಲ್ಪ ದಿನಕ್ಕೆ ನಿವೃತ್ತನಾದೆ. ನಿವೃತ್ತಿಗೆ ಕಾರಣ ಒಂದು ಹಲ್ಲು. ಆ ಹಲ್ಲಿನ ಕಥೆಯೇ ಇಲ್ಲಿ ಮುಖ್ಯ, ಆದರೆ ಅದಕ್ಕೆ ಬರುವ ಮೊದಲು ಕೆಲಸದ ರೀತಿ ಸ್ವಲ್ಪ ಹೇಳುತ್ತೇನೆ.

ನಾನು ಹುಟ್ಟಾ ಹೆದರುಪುಕ್ಕಲ. ಮನೆಯಿಂದ ಹೊರಡುವಾಗ ಗ್ಯಾಸ್ ಆರಿಸಿದೆಯಾ ಅಂತ ಹೆಂಡತಿ ಶಾಂತಾಳನ್ನು ಕೇಳಿ, ಗಲ್ಲಿ ತುದಿಯಿಂದ ವಾಪಸ್ಸು ಬಂದು ಮತ್ತೆ ಕೇಳುವ ಜಾತಿ. ಇಂಥವನಿಗೆ ಕಣ್ಣಿಲ್ಲದ ಕಡೆ ನಡೆಯುವ ಉದ್ಯೋಗ ಸಿಕ್ಕಿದ್ದು ದೇವರ ತಮಾಷೆ. ಪ್ರತಿ ಮದುವೆಗೆ ಮುಂಚೆ ಬೆಳಿಗ್ಗೆ ಸೈಕಲ್ ತುಳಿದು ಬರಾತಿನ ದಾರಿಯನ್ನೆಲ್ಲ ನೋಡಿ ಬರುತ್ತಿದ್ದೆ.

"ಏನ್ರಿ, ಮದವಿ ಅವರದು, ಜೀವಾ ಹಿಡಕೊಂಡು ಓಡ್ಯಾಡಾಕತ್ತೀರಿ ನೀವು," ಅಂತಿದ್ದಳು ಶಾಂತಾ.

"ಮುಚ್ಚಳಾ ಇಲ್ಲದ ತೆಗ್ಗು ಮದುಮಗಗ ಕಾಣತೈತಿ. ನನಗ ಕಾಣಂಗಿಲ್ಲ."

"ಹಂಗಾದ್ರ ಬೆನ್ನಿಗೊಂದು ಕನ್ನಡಿ ಕಟಗೊಳ್ರಿ."

ಕನ್ನಡಿ ಕಟ್ಟಿಯೂ ನೋಡಿದ್ದೇನೆ. ಸ್ಕೂಟರಿನ ಕನ್ನಡಿ ಬಿಚ್ಚಿ ಟ್ರಂಪೆಟ್ಟಿಗೆ ದಾರದಿಂದ ಕಟ್ಟಿದ್ದೆ. ಅದರಲ್ಲಿ ನನ್ನ ಉಬ್ಬಿದ ಕೆನ್ನೆ ಬಿಟ್ಟು ಬೇರೇನೂ ಕಾಣಲಿಲ್ಲ. ಆವತ್ತು ಸಂಜೆಯೇ ಚರಂಡಿಗೆ ಬಿದ್ದೆ. ಬಿದ್ದೆನಾದರೂ ಊದುವುದನ್ನು ನಿಲ್ಲಿಸಲಿಲ್ಲ. ಸೊಂಟದ ತನಕ ಚರಂಡಿ, ಮೇಲೆ ಸಂಗೀತ. ಜನ ಇದು ನಮ್ಮ ಕಾರ್ಯಕ್ರಮದ ಒಂದು ಐಟಮ್ಮು ಅಂದುಕೊಂಡರು. ಮದುಮಗನ ಮಾವ ಚಪ್ಪಾಳೆ ಹೊಡೆದು "ಒನ್ಸ್ ಮೋರ್" ಅಂದ.

ಮಿಯಾಪುರದ ಪ್ರಮಾದ ಇನ್ನೂ ದೊಡ್ಡದು. ಅಲ್ಲಿನ ದೊಡ್ಡ ಅಪಾರ್ಟ್‌ಮೆಂಟುಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತವೆ. ಗೇಟು, ಕಾರಂಜಿ, ಸೆಕ್ಯುರಿಟಿಯವನ ಮೀಸೆ ಕೂಡ ಒಂದೇ. ಹಿಂದಕ್ಕೆ ನಡೆಯುವವನಿಗೆ ಗೇಟಿನ ಹೆಸರು ಓದಲು ಆಗುತ್ತದೆಯೇ? ಇಡೀ ಬರಾತನ್ನು ಪಕ್ಕದ ಕಾಂಪ್ಲೆಕ್ಸಿನ ಬೇರೊಂದು ಮದುವೆಗೆ ಕರೆದುಕೊಂಡು ಹೋದೆ. ಆ ಹೆಣ್ಣಿನ ಕಡೆಯವರೂ ಬರಾತಿಗೇ ಕಾಯುತ್ತಿದ್ದರು, ಆರತಿ ಹಿಡಿದು ಬಂದೇಬಿಟ್ಟರು. ಅತ್ತೆಯಾಗುವವಳು ಕುಂಕುಮದ ಬೆರಳೆತ್ತಿ, ಮದುಮಗನ ಮುಖ ನೋಡಿ, ಅಲ್ಲೇ ನಿಂತಳು. "ಫೋಟೋದಲ್ಲಿ ಇಷ್ಟು ಬೆಳ್ಳಗಿರಲಿಲ್ಲ," ಅಂದಳಂತೆ. ನಮ್ಮ ಹುಡುಗ ಇನ್ನೊಂದು ನಿಮಿಷ ಸುಮ್ಮನಿದ್ದಿದ್ದರೆ ಒಳಗೆ ಹೋಗಿರುತ್ತಿದ್ದ, ಅವನಿಗೇನೂ ತಕರಾರು ಇದ್ದಂತೆ ಕಾಣಲಿಲ್ಲ.

ನಮ್ಮ ಬ್ಯಾಂಡಿನ ಮಾಲೀಕರು ಖಾಜಾ ಸಾಬ್. ನನಗೆ ಟ್ರಂಪೆಟ್ ಕೈಗಿಟ್ಟವರೂ ಅವರೇ. ಬೈದರೆ ಅರ್ಧ ಗಲ್ಲಿಗೆ ಕೇಳಬೇಕು, ಹೊಗಳಿದರೆ ಹೊಗಳಿಸಿಕೊಂಡವನಿಗೂ ಕೇಳಬಾರದು, ಅಂಥ ಮನುಷ್ಯ. ಪೆಟ್ರೋಮ್ಯಾಕ್ಸ್ ತಲೆ ಮೇಲೆ ಹೊತ್ತ ಕಾಲದಿಂದ, ಜನರೇಟರ್ ಗಾಡಿ ತಳ್ಳಿ ವೈರಿನಲ್ಲಿ ದೀಪ ಪೋಣಿಸಿದ ಕಾಲ ದಾಟಿ, ಈಗಿನ ಡಿಜೆ ಲಾರಿಯ ತನಕ ಎಲ್ಲ ಕಂಡವರು. ಡಿಜೆ ಬಂದಾಗ ನಾನು ಒಂದು ವಾರ ನಿದ್ದೆ ಮಾಡಲಿಲ್ಲ. ಅವರು ಹೇಳಿದ್ದಿಷ್ಟೆ: "ಮಶೀನ್ ಕೋ ದುಲ್ಹಾ ದಿಖ್ತಾ ಕ್ಯಾ, ಮಾಸ್ಟರ್?" ಮಶೀನಿಗೆ ಮದುಮಗ ಕಾಣಿಸುತ್ತಾನೇನು? ಅವರ ಇನ್ನೊಂದು ಪಾಠ, ಬ್ಯಾಂಡು ನಡುರಸ್ತೆಯಲ್ಲಿ ನಿಲ್ಲಬಾರದು ಅನ್ನುವುದು. ಬ್ಯಾಂಡು ನಿಂತರೆ ಜನ ಚೆದುರುತ್ತಾರೆ; ಚೆದುರಿದ ಬರಾತನ್ನು ಮತ್ತೆ ಕೂಡಿಸಬೇಕೆಂದರೆ ಇನ್ನೊಂದು ಮದುವೆಯನ್ನೇ ಮಾಡಬೇಕು.

ಆದ್ದರಿಂದ ಕೈಸನ್ನೆ. ಗದ್ದಲದಲ್ಲಿ ಮಾತು ಕೇಳುವುದಿಲ್ಲ, ಬಾಯಿಯಂತೂ ಟ್ರಂಪೆಟ್ಟಿನಲ್ಲಿ ಇರುತ್ತದೆ. ಎಡಗೈ ಎತ್ತಿ ಅಂಗೈ ತೋರಿಸಿದರೆ, ನಿಲ್ಲಿಸಿ. ಅದೇ ಕೈ ಮುಷ್ಟಿ ಹಿಡಿದರೆ, ಇರುವ ಜೋರನ್ನೆಲ್ಲ ಹಾಕಿ ಬಾರಿಸಿ. ಇವೆರಡನ್ನು ಚೆನ್ನಾಗಿ ನೆನಪಿಡಿ. ನಾನು ಒಮ್ಮೆ ಮರೆತಿದ್ದೆ.

ಅದು ದಿಲ್‌ಸುಖ್‌ನಗರದ ಮದುವೆ. ಇನ್ನೂ ಬಿಸಿಲು ಇಳಿದಿರಲಿಲ್ಲ. ಮೆಟ್ರೋ ಕಂಬಗಳ ಕೆಳಗೆ, ರಸ್ತೆಯ ಒಂದು ಬದಿಗೆ, ಒಂದಷ್ಟು ಜನ ಧರಣಿ ಕೂತಿದ್ದರು. ಅರ್ಧ ಜನ ಕೋಚಿಂಗ್ ಸೆಂಟರಿನ ಹುಡುಗ ಹುಡುಗಿಯರು, ಅರ್ಧ ಜನ ಪಿಂಚಣಿದಾರರು. ಚುನಾವಣೆಯ ರೀತಿ ಬದಲಾಗಬೇಕು ಅನ್ನುವುದು ಅವರ ಬೇಡಿಕೆ. ಓಟಿಗೆ ದುಡ್ಡು ಹಂಚುವುದು ನಿಲ್ಲಬೇಕು, ಗೆದ್ದವರು ವರ್ಷಕ್ಕೊಮ್ಮೆಯಾದರೂ ವಾರ್ಡಿಗೆ ಬಂದು ಜನರ ಮುಂದೆ ನಿಂತು ಉತ್ತರ ಹೇಳಬೇಕು, ಇಂಥವು. ಬೆಳಿಗ್ಗೆ ದಾರಿ ನೋಡಲು ಬಂದಾಗ ಅವರಿರಲಿಲ್ಲ.

ಸುಮ್ಮನೆ ಹೆದರಿದ್ದೆ. ನಾವು ಹತ್ತಿರ ಬರುತ್ತಲೇ ಅವರೇ ಘೋಷಣೆ ನಿಲ್ಲಿಸಿ, ಎದ್ದು ಸರಿದು ದಾರಿ ಬಿಟ್ಟರು. ಹುಡುಗರು ನಮ್ಮ ತಾಷಾ ಅನ್ನುವ ಚರ್ಮವಾದ್ಯದ ತಾಳಕ್ಕೆ ಚಪ್ಪಾಳೆ ತಟ್ಟಿದರು. ಬಿಳಿ ಗಡ್ಡದ ಮುದುಕರೊಬ್ಬರು ತಮ್ಮ ಫಲಕವನ್ನು ಬಗಲಿಗೆ ಸಿಕ್ಕಿಸಿ, ಮದುಮಗನಿಗೆ ಅಕ್ಷತೆ ಹಾಕುವವರ ಹಾಗೆ ಕೈ ಆಡಿಸಿ, "ಚಲ್ಲಗುಂಡು ನಾಯನಾ, ಓಟು ಮಾತ್ರಂ ಅಮ್ಮಕು!" ಅಂದರು. ಚೆನ್ನಾಗಿರಪ್ಪಾ, ಓಟು ಮಾತ್ರ ಮಾರಬೇಡ. ಮದುಮಗ ಕುದುರೆ ಮೇಲಿಂದ ಗಂಭೀರವಾಗಿ ತಲೆ ಆಡಿಸಿದ. ಆ ಹೊತ್ತಿನಲ್ಲಿ ಅವನನ್ನು ಯಾರು ಏನು ಕೇಳಿದ್ದರೂ ಒಪ್ಪುತ್ತಿದ್ದ.

ಬರಾತ್ ಅವರನ್ನು ದಾಟಿ ಮುಂದೆ ಹೋಯಿತು. ಎಲ್ಲರ ಬೆನ್ನು ಧರಣಿಯ ಕಡೆ, ನನ್ನೊಬ್ಬನ ಮುಖ ಧರಣಿಯ ಕಡೆ. ಸಂದಣಿಯಲ್ಲಿ ಬ್ಯಾಂಡಿನವರಿಗೆ ನನ್ನ ಕೈ ಕಾಣಲಿ ಅಂತ ಡಿವೈಡರ್ ಕಲ್ಲಿನ ಮೇಲೆ ಹತ್ತಿ ನಡೆಯುವುದು ನನ್ನ ಅಭ್ಯಾಸ. ಅಲ್ಲಿಂದ ಕುದುರೆಯ ಕಿವಿಗಳ ಮೇಲೆ ಇಡೀ ರಸ್ತೆ ಕಾಣುತ್ತಿತ್ತು. ಹಾಗಾಗಿ ನೋಡಿದೆ.

ಪೊಲೀಸ್ ವ್ಯಾನುಗಳ ಹಿಂದಿನ ಬಾಗಿಲು ತೆರೆದವು. ಲಾಠಿಗಳು ಮೇಲೆದ್ದವು. ಕೂತಿದ್ದವರು ಏಳುವಷ್ಟರಲ್ಲಿ ಬಿದ್ದವು. ಫಲಕಗಳು ಮುರಿದವು, ರಸ್ತೆ ತುಂಬ ಚಪ್ಪಲಿಗಳು ಉಳಿದವು, ಚಪ್ಪಲಿಯ ಜನ ಅತ್ತಿತ್ತ ಓಡಿದರು. ಬಿಳಿ ಗಡ್ಡದ ಮುದುಕರು ಬೆನ್ನಿಗೆ ಪೆಟ್ಟು ತಿಂದು ಮಕಾಡೆ ಬಿದ್ದರು. ಎಲ್ಲರೂ ಮುಂದಕ್ಕೆ ಓಡುತ್ತಿದ್ದಾಗ ಹಳದಿ ದುಪಟ್ಟಾದ ಒಬ್ಬ ಹುಡುಗಿ ತಿರುಗಿ ಅವರ ಹತ್ತಿರ ಓಡಿದಳು. ಎರಡು ಬಗಲಿಗೂ ಕೈ ಹಾಕಿ ಎತ್ತಿ, ಎಳೆದುಕೊಂಡು, ಲಾಠಿಗಳ ಕಡೆ ಮುಖ ಮಾಡಿಕೊಂಡೇ ಹಿಂದಕ್ಕೆ ನಡೆಯತೊಡಗಿದಳು.

ಹಿಂದಕ್ಕೆ! ನನ್ನ ಕಸುಬಿನ ಕಣ್ಣು ಅಲ್ಲೇ ಸಿಕ್ಕಿಕೊಂಡಿತು. ಈಕೆ ಹೊಸಬಳು, ಎಡಕ್ಕೆ ವಾಲುತ್ತಿದ್ದಾಳೆ, ಹೀಗೇ ಬಂದರೆ ಹಿಮ್ಮಡಿ ಡಿವೈಡರಿಗೆ ತಾಗುತ್ತದೆ, ಮುದುಕರ ಸಮೇತ ಬೀಳುತ್ತಾಳೆ. ಸುತ್ತ ಲಾಠಿ ಬೀಸುತ್ತಿದ್ದರೂ ನನಗಿದ್ದ ಚಿಂತೆ ಅವಳ ಹಿಮ್ಮಡಿಯದು. ಅದೇ ಹೊತ್ತಿಗೆ ಎಲ್ಲಿಂದಲೋ ಒಂದು ಕಲ್ಲು ಹಾರಿ ಬಂದು ಒಬ್ಬ ಎಸ್ಸೈ ಅವರ ಹೆಲ್ಮೆಟ್ಟಿಗೆ ಹೊಡೆಯಿತು. ಅದನ್ನು ಕಣ್ಣಂಚಿನಲ್ಲಿ ಕಂಡೆ. ಕಣ್ಣು ಮಾತ್ರ ಹಿಮ್ಮಡಿ ಬಿಟ್ಟು ಅಲ್ಲಾಡಲಿಲ್ಲ.

ಬ್ಯಾಂಡು ನಿಲ್ಲಿಸೋಣ ಅಂತ ಎಡಗೈ ಎತ್ತಿದೆ. ಅಂಗೈ ತೋರಿಸಬೇಕಿತ್ತು. ಹೆದರಿಕೆಗೆ ಬೆರಳೆಲ್ಲ ಮಡಚಿಕೊಂಡಿದ್ದವು. ಮೇಲೆದ್ದದ್ದು ಮುಷ್ಟಿ.

ತಾಷಾದವನು ಕಾಯುತ್ತಿದ್ದವನ ಹಾಗೆ ಬಾರಿಸಿದ. ಡೋಲಿನವರು ಮೈಮೇಲೆ ದೇವರು ಬಂದವರ ಹಾಗೆ ಎದ್ದರು. ದಣಿದು ನಿಂತಿದ್ದ ಬರಾತೆಲ್ಲ ಮತ್ತೆ ಕುಣಿಯಿತು. ಆ ಕುಣಿತದೊಳಕ್ಕೆ ಹಿಂದಿನಿಂದ ಓಡಿ ಬಂದವರೆಲ್ಲ ನುಗ್ಗಿದರು. ನುಗ್ಗಿದವರು ನಿಲ್ಲುವುದು ಹೇಗೆ? ಅವರೂ ಕುಣಿದರು. ಮದುಮಗನ ಸೋದರಮಾವ, ಮಧ್ಯಾಹ್ನದಿಂದ ಕುಣಿಯುತ್ತಿದ್ದ ಭಾರಿ ಆಸಾಮಿ, ಬೆನ್ನು ತಿರುಗಿಸಿ ಕುಣಿದದ್ದರಿಂದ ಏನೂ ಕಂಡಿರಲಿಲ್ಲ. ಹೆಣ್ಣಿನ ಕಡೆಯವರು ಎದುರುಗೊಳ್ಳಲು ಬಂದರು ಅಂದುಕೊಂಡು, ಉಳಿದಿದ್ದ ಗುಲಾಬಿ ರುಮಾಲುಗಳನ್ನೆಲ್ಲ ತರಿಸಿ ಸಿಕ್ಕಸಿಕ್ಕವರ ತಲೆಗೆ ಸುತ್ತಿದ. ಕಣ್ಣಲ್ಲಿ ನೀರು, ತಲೆ ಮೇಲೆ ರುಮಾಲು, ಕಾಲಲ್ಲಿ ಕುಣಿತ, ಹಾಗಿತ್ತು ಆ ಹುಡುಗರ ಸ್ಥಿತಿ.

ಹಳದಿ ದುಪಟ್ಟಾ ನಾನೆಣಿಸಿದಂತೆ ಸೀದಾ ಡಿವೈಡರಿಗೇ ಬರುತ್ತಿತ್ತು. ಹಿಡಿಯೋಣವೆಂದು ಕೆಳಕ್ಕೆ ಹಾರಿದೆ. ಅವಳ ಭುಜ ಬಂದು ನನ್ನ ಟ್ರಂಪೆಟ್ಟಿಗೆ ಬಡಿಯಿತು, ಟ್ರಂಪೆಟ್ ನನ್ನ ಮುಂದಿನ ಹಲ್ಲಿಗೆ ಬಡಿಯಿತು. ಮುದುಕರನ್ನು ಇಬ್ಬರೂ ಸೇರಿ ಜನರೇಟರ್ ಗಾಡಿಯ ಮೇಲೆ ಮಲಗಿಸಿದೆವು. ಪೊಲೀಸರು ಬರಾತಿನ ಅಂಚಿಗೆ ಬಂದು ನಿಂತರು. ಒಬ್ಬ ಅಧಿಕಾರಿ ಸೋದರಮಾವನನ್ನು ಕೇಳಿದರು, ಇವರೆಲ್ಲ ಯಾರು ಅಂತ. ಅವನು ಬೆವರು ಒರೆಸಿಕೊಂಡು, ಎದೆ ತಟ್ಟಿ, "ಅಂದರೂ ಮಾ ವಾಳ್ಳೇ ಸಾರ್!" ಅಂದ. ಎಲ್ಲರೂ ನಮ್ಮವರೇ. ಪಾಪ, ಸುಳ್ಳು ಹೇಳಲಿಲ್ಲ. ಅವನು ಹಾಗೆಯೇ ನಂಬಿದ್ದ.

ಆ ಹುಡುಗಿಗೂ ಯಾರೋ ರುಮಾಲು ಸುತ್ತಿದ್ದರು. ಅವಳು ಕುಣಿಯುತ್ತಿದ್ದ ರೀತಿ ಈಗಲೂ ಕಣ್ಣಿಗೆ ಕಟ್ಟಿದೆ. ಕಂಬಳಿ ತುಳಿದು ಒಗೆಯುವವರ ಹಾಗೆ.

ಮದುವೆ ಚೆನ್ನಾಗಿ ಆಯಿತು. ಓಡಿ ಬಂದ ಎಷ್ಟೋ ಜನ ಊಟ ಮಾಡಿಯೇ ಹೋದರು. ನನ್ನ ಹಲ್ಲು ಅಲ್ಲಾಡಿಕೊಂಡು ಉಳಿಯಿತು. ವಿಷಯ ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಕೆಲವು ತಿಂಗಳ ಮೇಲೆ ಒಂದು ದಿನ ನಮ್ಮ ಬ್ಯಾಂಡ್ ಅಂಗಡಿಯ ಬಾಗಿಲಲ್ಲಿ ಕೋಲೂರಿಕೊಂಡು ಬಿಳಿ ಗಡ್ಡದ ಮುದುಕರು ನಿಂತಿದ್ದರು. ರಾಮುಲು ಅಂತ ಹೆಸರು, ಪೋಸ್ಟ್ ಆಫೀಸಿನಲ್ಲಿದ್ದು ನಿವೃತ್ತರಾದವರು. ಗೋಡೆಗೆ ತೂಗುಹಾಕಿದ್ದ ಕೆಂಪು ಕೋಟುಗಳನ್ನು ನೋಡಿದರು, ನನ್ನ ಮುಖ ನೋಡಿದರು, "ನುವ್ವೇ!" ಅಂದರು. ನೀನೇ. ಊರಿನ ಬ್ಯಾಂಡ್ ಅಂಗಡಿಗಳನ್ನೆಲ್ಲ ಸುತ್ತಿ ಬಂದಿದ್ದರಂತೆ. "ನಾನು ಬಿದ್ದಾಗ ಊರೆಲ್ಲ ಬೆನ್ನು ತಿರುಗಿಸಿತ್ತು. ನೀನೊಬ್ಬ ನನ್ನ ಕಡೆ ಮುಖ ಮಾಡಿದ್ದೆ."

ಆಮೇಲೆ ಕೂತು ವಿಷಯ ಹೇಳಿದರು. ಆ ಹುಡುಗಿಯ ಹೆಸರು ಸ್ವಪ್ನಾ, ನಲ್ಗೊಂಡ ಕಡೆಯವಳು. ರಾಮುಲು ಅವರನ್ನು ಆಸ್ಪತ್ರೆಗೆ ಸೇರಿಸಿ ಅವಳು ಹೆಸರು ಬರೆಸಿದ್ದೇ ತಡ, ಪೊಲೀಸರು ಅಲ್ಲಿಗೇ ಬಂದು ಹಿಡಿದರು. ಎಸ್ಸೈಗೆ ಕಲ್ಲು ಹೊಡೆದವಳು ಇವಳೇ ಅಂತ ಕೇಸು. ಯಾರದೋ ಮೊಬೈಲಿನಲ್ಲಿ ಧೂಳು, ಕಲ್ಲು, ಒಂದು ಹಳದಿ ದುಪಟ್ಟಾ ಇಷ್ಟು ಬಂದಿತ್ತು, ಮುಖ ಇರಲಿಲ್ಲ. ಮದುವೆ ವಿಡಿಯೋದವನನ್ನು ಕೇಳಿದರೆ, ಅವನ ಕ್ಯಾಮೆರಾ ಬುಕ್ ಮಾಡಿದ ಬೀಗರ ಮುಖ ಬಿಟ್ಟು ಅಲ್ಲಾಡಿಯೇ ಇರಲಿಲ್ಲ. ರಾಮುಲು ಅವರ ಮಾತಿಗೆ ಬೆಲೆ ಇಲ್ಲ, ಅವರೂ ಧರಣಿಯವರು. ಸ್ವಪ್ನಾ ಓದುತ್ತಿದ್ದದ್ದು ಪೊಲೀಸ್ ಎಸ್ಸೈ ಪರೀಕ್ಷೆಗೆ. ಕೇಸಿನಲ್ಲಿ ತಪ್ಪಿತಸ್ಥಳು ಅಂತಾದರೆ ಆ ಕೆಲಸ ಈ ಜನ್ಮಕ್ಕಿಲ್ಲ.

"ನೀನು ಬಂದು ಕಂಡದ್ದು ಹೇಳು, ಸಾಕು," ಅಂದರು.

ಸಾಕಂತೆ! ಪ್ರತಿ ಬರಾತಿಗೂ ಪೊಲೀಸರ ಅನುಮತಿ ಬೇಕು. ಅವರ ವಿರುದ್ಧ ನಿಂತ ಬ್ಯಾಂಡಿಗೆ ಅನುಮತಿ ಯಾರು ಕೊಡುತ್ತಾರೆ? ಖಾಜಾ ಸಾಬ್ ಅದನ್ನೇ ಹೇಳಿದರು. "ನಕ್ಕೋ ಮಾಸ್ಟರ್. ಅಪನ್ ಬಜಾನೇ ವಾಲೇ ಲೋಗಾಂ, ಬೋಲ್ನೇ ವಾಲೇ ನೈಂ." ಬೇಡ, ನಾವು ಬಾರಿಸುವ ಜನ, ಮಾತಾಡುವ ಜನ ಅಲ್ಲ. ನನಗೆ ಒಳಗೊಳಗೇ ಸಮಾಧಾನವಾಯಿತು. ಹೆದರುವವನಿಗೆ ಮಾಲೀಕರ ಅಪ್ಪಣೆಯಷ್ಟು ಒಳ್ಳೆಯ ನೆಪ ಬೇರೆ ಇಲ್ಲ.

ಮನೆಯಲ್ಲಿ ಶಾಂತಾ ರೊಟ್ಟಿ ಬಡಿಯುತ್ತಾ ಎಲ್ಲ ಕೇಳಿದಳು.

"ಆ ಹುಡುಗಿ ಡಿವೈಡರಿಗೆ ಬೀಳ್ತಾಳ ಅಂತ ಜಿಗಿದ್ರೆಲ್ಲ, ಆವಾಗ ಖಾಜಾ ಸಾಬರನ್ನ ಕೇಳಿದ್ರೇನು?"

"ಇಲ್ಲ."

"ಈಗೂ ಆಕಿ ಬೀಳಾಕತ್ತಾಳರಿ. ಹಲ್ಲು ಹೆಂಗೂ ಅಲ್ಲಾಡಾಕತ್ತೈತಿ. ಇನ್ನ ಹೋಗೂದು ಏನೈತಿ ನಿಮ್ಮದು?"

ಕೋರ್ಟಿಗೆ ಹೋಗುವ ದಿನ ಬೆಳಿಗ್ಗೆ ಖಾಜಾ ಸಾಬ್ ಮನೆ ಬಾಗಿಲಲ್ಲಿ ನಿಂತಿದ್ದರು. ಬೈಯಲು ಬಂದರು ಅಂದುಕೊಂಡೆ. ಕೈಯಲ್ಲಿ ಇಸ್ತ್ರಿ ಮಾಡಿದ ಕೆಂಪು ಕೋಟು. "ಜಾನಾಚ್ ಹೈ ತೋ ಯೇ ಪೆಹೆನ್ ಕೇ ಜಾ," ಅಂದರು. ಹೋಗುವುದೇ ಆದರೆ ಇದನ್ನು ಹಾಕಿಕೊಂಡು ಹೋಗು. ಸಾದಾ ಅಂಗಿಯಲ್ಲಿ ನೀನು ಮಾಸ್ಟರ್ ಅಂದರೆ ನಾನೇ ನಂಬುವುದಿಲ್ಲ.

ಹೀಗಾಗಿ ನಾನು ಜರಿ ಕುಚ್ಚಿನ ಕೆಂಪು ಕೋಟಿನಲ್ಲಿ ಸಾಕ್ಷಿ ಕಟಕಟೆ ಹತ್ತಿದೆ. ಹಲ್ಲು ಅಲ್ಲಾಡುತ್ತಿತ್ತು, ಪ್ರಮಾಣ ಮಾಡುವಾಗ ಎಲ್ಲಿ ಉದುರುತ್ತದೋ ಅನ್ನುವ ದಿಗಿಲು. ಮ್ಯಾಜಿಸ್ಟ್ರೇಟ್ ಮೇಡಂ ಕನ್ನಡಕದ ಮೇಲಿಂದ ನೋಡಿ, "ಏನ್ರೀ ಇದು ವೇಷ?" ಅಂದರು. ಅಲ್ಲಿ ನಡೆದ ಮಾತು ತೆಲುಗು, ನನ್ನದು ತೆಲುಗು, ದಖನಿ ಉರ್ದು ಎರಡನ್ನೂ ಕಲಸಿದ್ದು. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

"ಯೂನಿಫಾರ್ಮು ಮೇಡಂ. ಇನ್ಸ್‌ಪೆಕ್ಟರ್ ಸಾಹೇಬರೂ ಅವರದರಲ್ಲೇ ಬಂದಿದ್ದಾರೆ," ಅಂದುಬಿಟ್ಟೆ. ಅಂದ ಮೇಲೆ ಬೆವರಿದೆ. ಮೇಡಂ ತುಟಿ ಬಿಗಿಹಿಡಿದು ಬರೆದುಕೊಂಡರು.

ಸ್ವಪ್ನಾಳ ವಕೀಲರು ಕೇಳಿದ್ದಕ್ಕೆ ಕಂಡದ್ದನ್ನೆಲ್ಲ ಹೇಳಿದೆ. ಆಮೇಲೆ ಸರ್ಕಾರಿ ವಕೀಲರು ಎದ್ದರು.

"ಲಾಠಿ ಬೀಸುವ ಮೊದಲು ಮೈಕಿನಲ್ಲಿ ಎಚ್ಚರಿಕೆ ಕೊಟ್ಟರು. ಕೇಳಿದಿರಾ?"

"ಇಲ್ಲ ಸಾರ್. ಕೊಟ್ಟಿದ್ದರೂ ಕೇಳುತ್ತಿರಲಿಲ್ಲ. ನಮ್ಮ ತಾಷಾದ ಮುಂದೆ ನನ್ನ ಹೆಂಡತಿಯ ಮಾತೂ ಕೇಳುವುದಿಲ್ಲ."

"ಮೆರವಣಿಗೆ ಮುಂದೆ ಹೋಗುತ್ತಿತ್ತು. ಘಟನೆ ಹಿಂದೆ ನಡೆಯಿತು. ನೀವು ತಿರುಗಿ ನೋಡಿದಿರಾ?"

"ಇಲ್ಲ ಸಾರ್."

"ತಿರುಗಲೇ ಇಲ್ಲ?"

"ತಿರುಗಿಲ್ಲ ಸಾರ್."

ಅವರು ಮೇಡಂ ಕಡೆ ನೋಡಿ, ಕೈ ಚೆಲ್ಲಿ, ಕೂತುಕೊಳ್ಳಲು ಹೊರಟರು.

"ತಿರುಗಿದ್ದರೆ ಕಾಣುತ್ತಿರಲಿಲ್ಲ ಸಾರ್," ಅಂದೆ. "ನಾನು ಹಿಂದಕ್ಕೆ ನಡೆಯುವವನು."

ಮೇಡಂ ಪೆನ್ನು ಕೆಳಗಿಟ್ಟರು. ವಿವರಿಸಿ ಅಂದರು. ಅಂಗೈ ಸನ್ನೆ, ಮುಷ್ಟಿ ಸನ್ನೆ, ಡಿವೈಡರ್, ನನ್ನ ಮುಷ್ಟಿಯ ಎಡವಟ್ಟು ಎಲ್ಲ ಹೇಳಿದೆ. ನಡೆದು ತೋರಿಸಿ ಅಂದರು. ಕಟಕಟೆಯಿಂದ ಇಳಿದು, ಮೇಡಂ ಕಡೆ ಮುಖ ಮಾಡಿ, ಬೆಂಚುಗಳ ಸಾಲಿನ ನಡುವೆ ಬಾಗಿಲ ಕಡೆಗೆ ಹಿಂದಕ್ಕೆ ನಡೆದೆ. ಕೋರ್ಟಿನಲ್ಲಿ ಚರಂಡಿ ಇರುವುದಿಲ್ಲ ಅಂತ ನನಗೆ ನಾನೇ ಧೈರ್ಯ ಹೇಳಿಕೊಂಡೆ. ಬಾಗಿಲ ಹತ್ತಿರ ಇನ್ಸ್‌ಪೆಕ್ಟರ್ ಸಾಹೇಬರು ನಿಂತಿದ್ದರಂತೆ, ಅದು ನನ್ನ ಬೆನ್ನಿಗೆ ಗೊತ್ತಿರಲಿಲ್ಲ. ಸರಿಯಾಗಿ ಹೋಗಿ ಅವರ ಹೊಟ್ಟೆಗೆ ಗುದ್ದಿದೆ. ಇಡೀ ಕೋರ್ಟು ನಕ್ಕಿತು. ಅವರೂ ನಕ್ಕರು ಅಂತ ಆಮೇಲೆ ತಿಳಿಯಿತು. ಆಗ ತಿರುಗಿ ನೋಡುವ ಧೈರ್ಯ ನನಗಿರಲಿಲ್ಲ.

ಸರ್ಕಾರಿ ವಕೀಲರು ಬಿಡುವವರಲ್ಲ. "ಅಷ್ಟು ಜನ ಓಡುತ್ತಿದ್ದರು. ಇವಳೊಬ್ಬಳನ್ನೇ ಯಾಕೆ ನೋಡುತ್ತಿದ್ದಿರಿ? ಮೊದಲೇ ಪರಿಚಯವೇ?"

"ಇಲ್ಲ ಸಾರ್. ಇವಳು ಬೀಳುತ್ತಾಳೆ ಅಂತ ಹೆದರಿಕೆ. ಹೆದರಿಕೆಯಾದರೆ ಕಣ್ಣು ಕೀಳುವುದಕ್ಕೆ ನನಗೆ ಆಗುವುದಿಲ್ಲ. ಹಾಲು ಉಕ್ಕುತ್ತದೆ ಅಂತ ಕೂತು ನೋಡುವವನು ನಾನು. ಬೇಕಾದರೆ ಮನೆಯವಳನ್ನು ಕೇಳಿ, ಅಲ್ಲೇ ಹಿಂದೆ ಕೂತಿದ್ದಾಳೆ."

"ಖರೇ ಐತ್ರಿ!" ಅಂತ ಹಿಂದಿನಿಂದ ಶಾಂತಾ ಕನ್ನಡದಲ್ಲೇ ಕೂಗಿದಳು. ಜವಾನ ಸುಮ್ಮನಿರಮ್ಮಾ ಅಂದ.

ಅವಳು ಮುದುಕರನ್ನು ಹೇಗೆ ಹಿಡಿದಿದ್ದಳು ಅಂತ ಮೇಡಂ ಕೇಳಿದರು. ಜವಾನನನ್ನೇ ರಾಮುಲು ಮಾಡಿಕೊಂಡೆ. ಎರಡು ಬಗಲಿಗೆ ಎರಡು ಕೈ ಹಾಕಿ ಎಳೆದು ತೋರಿಸಿದೆ. "ಕಲ್ಲು ಬಂದು ಬಿದ್ದಾಗ ಹೀಗೇ ಹಿಡಿದಿದ್ದಳು ಮೇಡಂ. ಒಂದು ಕೈ ಬಿಟ್ಟಿದ್ದರೂ ಅವರು ಕೆಳಗೆ ಬೀಳುತ್ತಿದ್ದರು. ಬೀಳಲಿಲ್ಲ." ಪರೀಕ್ಷೆ ಮಾಡಲೆಂದು ಒಂದು ಕೈ ಬಿಟ್ಟೆ. ಜವಾನ ಬಿದ್ದ.

ಕೊನೆಗೆ ವಕೀಲರು, "ಆಮೇಲೆ ಇವಳು ಕುಣಿದಳಂತೆ! ಅಷ್ಟೆಲ್ಲ ನಡೆದಿರುವಾಗ ಕುಣಿಯುವುದು ಮುಗ್ಧರ ಲಕ್ಷಣವೇ?" ಅಂದರು.

"ಸಾರ್, ಅದನ್ನು ಕುಣಿತ ಅಂದದ್ದು ನನ್ನ ತಪ್ಪು," ಅಂದೆ. "ಮೂವತ್ತು ವರ್ಷ ಜನ ಕುಣಿಯುವುದನ್ನೇ ನೋಡಿದವನು ನಾನು. ಇಷ್ಟು ಕೆಟ್ಟದಾಗಿ ಕುಣಿದವರನ್ನು ಕಂಡಿಲ್ಲ. ಕಾಲು ನಡುಗುತ್ತಿದ್ದವು, ತಾಷಾ ಅದಕ್ಕೆ ತಾಳ ಹಾಕಿತು, ಅಷ್ಟೇ."

ಆರೋಪಿಯ ಜಾಗದಲ್ಲಿ ನಿಂತಿದ್ದ ಸ್ವಪ್ನಾ ದುಪಟ್ಟಾದಿಂದ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆ ಅಂದುಕೊಂಡೆ. ಭುಜ ಕುಲುಕುತ್ತಿದ್ದ ರೀತಿ ನೋಡಿದರೆ ನಗುತ್ತಿದ್ದಳು.

ಹೊರಗೆ ಬಂದು ಇರಾನಿ ಹೋಟೆಲಿನಲ್ಲಿ ಎಲ್ಲರೂ ಕೂತೆವು. ಚಹದಲ್ಲಿ ಅದ್ದಿ ಮೆತ್ತಗಾದ ಬಿಸ್ಕತ್ತು ಕಚ್ಚಿದೆ. ಲಾಠಿಗೆ, ಟ್ರಂಪೆಟ್ಟಿಗೆ, ಸರ್ಕಾರಿ ವಕೀಲರಿಗೆ ಜಗ್ಗದ ಹಲ್ಲು ಬಿಸ್ಕತ್ತಿಗೆ ಉದುರಿತು. ಮುಂದಿನ ಹಲ್ಲಿಲ್ಲದವನು ಟ್ರಂಪೆಟ್ ಊದಿದರೆ ಗಾಳಿ ಬರುತ್ತದೆ, ಸಂಗೀತ ಬರುವುದಿಲ್ಲ. ಕಟ್ಟಿಸಿದ ಹಲ್ಲು ಹಾಕಿಕೊಂಡು ಊದಿ ನೋಡಿದೆ, ಅದು ಸ್ವರದ ಜೊತೆ ಹೊರಬಿತ್ತು. ಹೀಗೆ ನಿವೃತ್ತನಾದೆ. ಖಾಜಾ ಸಾಬ್ ಬೀಳ್ಕೊಡುಗೆ ಭಾಷಣ ಅಂತೇನೂ ಮಾಡಲಿಲ್ಲ, ಕೆಂಪು ಕೋಟು ವಾಪಸ್ಸು ಕೇಳಲಿಲ್ಲ.

ಸ್ವಪ್ನಾ ನಿರ್ದೋಷಿ ಅಂತ ತೀರ್ಪಾಯಿತು. ಬ್ಯಾಂಡಿಗೆ ಅನುಮತಿ ಸಿಗುವುದಿಲ್ಲ ಅಂತ ನಾನು ಕಂಡ ಕೆಟ್ಟ ಕನಸುಗಳೆಲ್ಲ ದಂಡವಾದವು. ಖಾಜಾ ಸಾಬ್ ಕೇಳಲು ಹೋದಾಗ ಆ ಇನ್ಸ್‌ಪೆಕ್ಟರ್ ಸಾಹೇಬರು ಹೊಟ್ಟೆ ಸವರಿಕೊಂಡು, "ಮಾಸ್ಟರಿಗೆ ನೋಡಿಕೊಂಡು ನಡೆಯೋಕೆ ಹೇಳಿ," ಅಂದರಂತೆ, ಸಹಿ ಹಾಕಿದರಂತೆ. ಓಟಿಗೆ ದುಡ್ಡು ಹಂಚುವುದು ಮಾತ್ರ ನಿಂತಿಲ್ಲ. ರಾಮುಲು ಅವರೂ ನಿಂತಿಲ್ಲ, ಕೋಲಿಗೇ ಫಲಕ ಕಟ್ಟಿಕೊಂಡು ಈಗಲೂ ಹೋಗುತ್ತಾರೆ.

ಈಗ ನಾನು ಹೊಸ ಮಾಸ್ಟರಿಗೆ ದಾರಿ ಹೇಳಿಕೊಡಲು ಬರಾತಿನ ಪಕ್ಕದಲ್ಲಿ ಮುಂದೆ ನೋಡಿಕೊಂಡು ನಡೆಯುತ್ತೇನೆ. ಮುಂದೆ ನೋಡಿ ನಡೆಯುವುದು ಇಷ್ಟು ಭಯದ ಕೆಲಸ ಅಂತ ಮೊದಲು ಗೊತ್ತಿರಲಿಲ್ಲ. ಬರುವ ತೆಗ್ಗೆಲ್ಲ ಕಾಣುತ್ತದೆ.

ಹೋದ ಮದುವೆ ಹಂಗಾಮಿನಲ್ಲಿ ಹಾಗೆ ನಡೆಯುತ್ತಿದ್ದಾಗ ಒಂದು ವೃತ್ತದಲ್ಲಿ ಟ್ರಾಫಿಕ್ಕು ಗಂಟುಬಿದ್ದಿತ್ತು. ನಡುವೆ ಖಾಕಿ ತೊಟ್ಟ ಒಬ್ಬ ಎ‌ಸ್ಸೈ ಹೆಣ್ಣುಮಗಳು ನಿಂತು ಬಸ್ಸುಗಳನ್ನು ತಡೆಯುತ್ತಿದ್ದಳು. ಹತ್ತಿರ ಬಂದ ಮೇಲೆ ಗುರುತು ಸಿಕ್ಕಿತು. "ಬಾಗುನ್ನಾರಾ ಮಾಸ್ಟರ್? ಹಲ್ಲು ಎಲ್ಲಿ?" ಅಂದಳು ಸ್ವಪ್ನಾ. ಚೆನ್ನಾಗಿದ್ದೀರಾ ಅಂತ.

ನನ್ನ ಸ್ವಭಾವ ಬಿಡಬೇಕಲ್ಲ. ಎಷ್ಟೋ ದಿನದಿಂದ ತಲೆಯಲ್ಲಿ ಕೊರೆಯುತ್ತಿದ್ದದ್ದನ್ನು ಕೇಳಿಯೇಬಿಟ್ಟೆ. "ನಾಳೆ ಧರಣಿಯವರ ಮುಂದೆ ನಿನ್ನನ್ನೂ ನಿಲ್ಲಿಸುತ್ತಾರಲ್ಲಮ್ಮಾ. ಆವಾಗೇನು ಮಾಡ್ತೀ?"

ಅವಳು ನಗಲಿಲ್ಲ. "ಹೋದ ತಿಂಗಳೇ ನಿಲ್ಲಿಸಿದ್ದರು. ರಾಮುಲು ತಾತನೇ ಮುಂದಿನ ಸಾಲಿನಲ್ಲಿ ಕೂತಿದ್ದ. ನೀರು ಕುಡಿಸಿ, ಕೈ ಹಿಡಿದು ಎಬ್ಬಿಸಿ, ವ್ಯಾನಿಗೆ ಹತ್ತಿಸಿದೆ. ದಾರಿಯುದ್ದಕ್ಕೂ ಬೈದ," ಅಂದಳು.

ಅಷ್ಟರಲ್ಲಿ ಹಿಂದಿನಿಂದ ಬಸ್ಸುಗಳು ಹಾರನ್ ಹೊಡೆದವು. ಅವಳು ಅವುಗಳ ಕಡೆ ತಿರುಗಿ ಎಡಗೈ ಎತ್ತಿ ಅಂಗೈ ತೋರಿಸಿದಳು. ರಸ್ತೆಯೆಲ್ಲ ನಿಂತಿತು. ನಮ್ಮ ಬ್ಯಾಂಡಿನವರೂ ಅಂಗೈ ಕಂಡು ಗಪ್ಪನೆ ನಿಲ್ಲಿಸಿಬಿಟ್ಟರು. ನಡುರಸ್ತೆಯಲ್ಲಿ ಬರಾತ್ ಮೌನ! ಜನ ಚೆದುರುತ್ತಾರೆ ಅಂತ ಸುತ್ತ ನೋಡಿದೆ. ಸ್ವಪ್ನಾ ನನ್ನ ಮುಖ ನೋಡಿದಳು, ಬ್ಯಾಂಡಿನ ಕಡೆ ನೋಡಿದಳು. ಎತ್ತಿದ ಕೈ ಇಳಿಸದೆ, ಒಂದೊಂದೇ ಬೆರಳು ಮಡಚಿ ಮುಷ್ಟಿ ಹಿಡಿದಳು.

ತಾಷಾದವನು ಅದು ಯಾರ ಕೈ ಅಂತ ನೋಡಲಿಲ್ಲ. ಡೋಲುಗಳು ಎದ್ದವು, ಕುದುರೆ ಹೆಜ್ಜೆ ಹಾಕಿತು, ನಿಂತ ಬಸ್ಸಿನ ಕಿಟಕಿಗಳಲ್ಲೆಲ್ಲ ಜನ ಚಪ್ಪಾಳೆ ತಟ್ಟಿದರು. ವೃತ್ತದ ನಡುವೆ ಅವಳ ಬೂಟುಗಾಲು ತಾಳಕ್ಕೆ ಸರಿಯಾಗಿ ಎರಡು ಸಲ ಬಿದ್ದದ್ದನ್ನು ನಾನು ಕಣ್ಣಾರೆ ಕಂಡೆ, ಯಾವ ಕೋರ್ಟಿನಲ್ಲಿ ಬೇಕಾದರೂ ಹೇಳುತ್ತೇನೆ. ಆಗ ನನಗೆ ಗೊತ್ತಿಲ್ಲದಂತೆಯೇ ಬರಾತಿನ ಮುಂದಕ್ಕೆ ಬಂದು, ಅವಳ ಕಡೆ ಮುಖ ಮಾಡಿ, ಹಿಂದಕ್ಕೆ ನಡೆಯುತ್ತಿದ್ದೆ. ಅವಳು ಕಾಣದಾಗುವ ತನಕ ಹಾಗೇ ನಡೆದೆ. ಆ ದಾರಿಯಲ್ಲಿ ಚರಂಡಿ ಎಲ್ಲಿದೆ ಅಂತ ಒಂದು ಸಲವೂ ನೆನಪಾಗಲಿಲ್ಲ.